ಅಲ್ಪ ಹಣದಲ್ಲಿ ಆವರಣ ಜಾಲ: ವಿಶ್ವವಿದ್ಯಾಲಯದ ಗಣಕ ಸಂಪರ್ಕ ಕಟ್ಟುವ ಬಗೆ

ವಿಶ್ವವಿದ್ಯಾಲಯವೊಂದರ ಬೋಧನಾ ವಿಭಾಗಗಳು, ಗ್ರಂಥಾಲಯ, ಪ್ರಯೋಗಾಲಯಗಳು, ಪರೀಕ್ಷಾ ಕಚೇರಿ ಹಾಗೂ ವಿದ್ಯಾರ್ಥಿ ನಿಲಯಗಳಲ್ಲಿರುವ ಗಣಕಯಂತ್ರಗಳನ್ನು ಒಂದಕ್ಕೊಂದು ಬೆಸೆದು, ಅವೆಲ್ಲವನ್ನೂ ಒಂದೇ ಬಾಗಿಲಿನಿಂದ ಅಂತರ್ಜಾಲಕ್ಕೆ ಜೋಡಿಸುವ ವ್ಯವಸ್ಥೆಯನ್ನು ಆವರಣ ಜಾಲ ಎನ್ನಲಾಗುತ್ತದೆ. ಹೊರಗಿನ ಸಂಪರ್ಕವನ್ನು ಒದಗಿಸುವ ಸಂಸ್ಥೆ ತನ್ನ ತಂತಿಯನ್ನು ಆವರಣದ ಒಂದು ಕೊಠಡಿಯವರೆಗೆ ತಂದು ನಿಲ್ಲಿಸುತ್ತದೆ. ಅಲ್ಲಿಂದ ಮುಂದಕ್ಕೆ, ಪ್ರತಿ ಕಟ್ಟಡಕ್ಕೆ, ಪ್ರತಿ ಮಹಡಿಗೆ, ಪ್ರತಿ ಮೇಜಿಗೆ ಅದನ್ನು ಒಯ್ಯುವ ಹೊಣೆ ವಿಶ್ವವಿದ್ಯಾಲಯದ್ದೇ. ಹಣವಿಲ್ಲದ ಸಂಸ್ಥೆಗಳು ಎಡವುವುದು ಸಾಮಾನ್ಯವಾಗಿ ಈ ಒಳದಾರಿಯಲ್ಲಿ.

ಕೃಷ್ಣರಾಜಪೇಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಬೂಕನಕೆರೆಯಂತಹ ಊರಿನಿಂದ ಓದಲು ಹೊರಡುವ ವಿದ್ಯಾರ್ಥಿಗೆ ಇದು ತಂತ್ರಜ್ಞರ ಚರ್ಚೆಗೆ ಬಿಟ್ಟ ವಿಷಯವಲ್ಲ. ಪದವಿಗೆ ಕೃಷ್ಣರಾಜಪೇಟೆ, ಮುಂದಿನ ಓದಿಗೆ ಮಂಡ್ಯ ಅಥವಾ ಮೈಸೂರು ಎಂಬುದು ಈ ಭಾಗದ ರೂಢಿಯ ದಾರಿ. ರಾಜ್ಯ ಸರ್ಕಾರವು 2021ರಲ್ಲಿ ಯುಯುಸಿಎಂಎಸ್ ಎಂಬ ಏಕೀಕೃತ ತಂತ್ರಾಂಶವನ್ನು ಜಾರಿಗೆ ತಂದ ಮೇಲೆ ಪ್ರವೇಶ, ಶುಲ್ಕ, ಆಂತರಿಕ ಅಂಕ, ಪರೀಕ್ಷಾ ಅರ್ಜಿ ಮತ್ತು ಫಲಿತಾಂಶಗಳೆಲ್ಲ ಗಣಕ ಜಾಲದ ಮೂಲಕವೇ ಸಾಗುತ್ತವೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರಶ್ನೆಪತ್ರಿಕೆಯೇ ಪರೀಕ್ಷೆಗೆ ಸ್ವಲ್ಪ ಮುನ್ನ ಜಾಲದ ಮೂಲಕ ಬಂದು ಕೇಂದ್ರದಲ್ಲಿ ಮುದ್ರಣಗೊಳ್ಳುವ ಪದ್ಧತಿ ಬಂದಿದೆ. ಮನೆಯಲ್ಲಿ ಗಣಕವಿಲ್ಲದ, ಮೊಬೈಲಿನ ದಿನದ ಡೇಟಾ ಸಂಜೆಗೇ ಮುಗಿದುಹೋಗುವ ವಿದ್ಯಾರ್ಥಿಗೆ ಸಂಶೋಧನಾ ಪತ್ರಿಕೆಗಳನ್ನು ಓದಲು ಇರುವ ತಾಣವೆಂದರೆ ವಿಶ್ವವಿದ್ಯಾಲಯದ ಆವರಣವೊಂದೇ. ಅಲ್ಲಿನ ಜಾಲ ಕೆಟ್ಟರೆ ಉಳ್ಳವರು ತಮ್ಮ ಫೋನಿನಲ್ಲಿ ಕೆಲಸ ಮುಗಿಸಿಕೊಳ್ಳುತ್ತಾರೆ, ಉಳಿದವರು ಕಾಯುತ್ತಾರೆ.

ಹೊರಗಿನಿಂದ ಬಂದ ನಾಲೆ

ಕರ್ನಾಟಕದಲ್ಲಿ ಈ ಕಥೆ ಆರಂಭವಾಗುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1986ರಲ್ಲಿ ಅರ್ನೆಟ್ ಎಂಬ ಶೈಕ್ಷಣಿಕ ಜಾಲವನ್ನು ಆರಂಭಿಸಿದಾಗ ಅದರಲ್ಲಿ ಪಾಲ್ಗೊಂಡ ಎಂಟು ಕೇಂದ್ರಗಳಲ್ಲಿ ಈ ಸಂಸ್ಥೆಯೂ ಒಂದು. ಐದು ಐಐಟಿಗಳು, ಮುಂಬಯಿಯ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರ ಮತ್ತು ದೆಹಲಿಯ ಇಲಾಖೆಯ ಕಚೇರಿ ಉಳಿದವು. ಮೊದಲ ವರ್ಷಗಳಲ್ಲಿ ಅದು ದೂರವಾಣಿ ಕರೆಯ ಮೇಲೆ ಮಿಂಚಂಚೆ ಸಾಗಿಸುವ ವ್ಯವಸ್ಥೆಯಷ್ಟೇ ಆಗಿತ್ತು. ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮವು ಅಂತರ್ಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅಂದರೆ ಸುಮಾರು ಒಂದು ದಶಕ ಕಾಲ ಅಂತರ್ಜಾಲವೆಂಬುದು ಭಾರತದಲ್ಲಿ ಬೆರಳೆಣಿಕೆಯ ಉನ್ನತ ಸಂಸ್ಥೆಗಳ ಸೊತ್ತಾಗಿತ್ತು. ರಾಜ್ಯ ವಿಶ್ವವಿದ್ಯಾಲಯಗಳು ಆ ಪಟ್ಟಿಯಲ್ಲಿರಲಿಲ್ಲ.

ಅವುಗಳ ಸರದಿ ಬಂದದ್ದು ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಯುಜಿಸಿ-ಇನ್ಫೊನೆಟ್ ಯೋಜನೆಯೊಡನೆ. ಅರ್ನೆಟ್ ತಂತಿ ಅಥವಾ ಉಪಗ್ರಹದ ಮೂಲಕ ಸಂಪರ್ಕ ಕೊಟ್ಟರೆ, ಗುಜರಾತಿನ ಇನ್‌ಫ್ಲಿಬ್‌ನೆಟ್ ಕೇಂದ್ರವು ವಿದ್ಯುನ್ಮಾನ ಪತ್ರಿಕೆಗಳನ್ನು ಒದಗಿಸಿತು. ಈ ಪತ್ರಿಕಾ ಒಕ್ಕೂಟವನ್ನು 2003ರ ಡಿಸೆಂಬರಿನಲ್ಲಿ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಉದ್ಘಾಟಿಸಿದರು. ಒಂದು ವಿಶ್ವವಿದ್ಯಾಲಯಕ್ಕೆ ಆಗ ದೊರೆಯುತ್ತಿದ್ದ ಸಾಮರ್ಥ್ಯ ಸೆಕೆಂಡಿಗೆ 256 ಕಿಲೊಬಿಟ್‌ನಿಂದ 2 ಮೆಗಾಬಿಟ್‌ವರೆಗೆ. ಸಾವಿರ ಜನ ಒಟ್ಟಿಗೆ ಬಳಸಿದರೆ 2 ಮೆಗಾಬಿಟ್‌ನಲ್ಲಿ ತಲಾ 2 ಕಿಲೊಬಿಟ್ ಮಾತ್ರ ಉಳಿಯುತ್ತದೆ. ಒಂದು ಛಾಯಾಚಿತ್ರ ತೆರೆಯಲು ನಿಮಿಷಗಳು ಬೇಕು. ಆ ದಿನಗಳಲ್ಲಿ ಆವರಣದ ಒಳಜಾಲ ಹೇಗಿದ್ದರೂ ಯಾರ ಗಮನಕ್ಕೂ ಬರುತ್ತಿರಲಿಲ್ಲ, ಏಕೆಂದರೆ ಹೊರಗಿನ ದಾರಿಯೇ ಅದಕ್ಕಿಂತ ಕಿರಿದಾಗಿತ್ತು.

ಇದೇ ಅವಧಿಯಲ್ಲಿ ಆಕಾಶದಿಂದಲೂ ಒಂದು ಪ್ರಯತ್ನ ನಡೆಯಿತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಇಸ್ರೊ ಸಹಯೋಗದಲ್ಲಿ ಮೊದಲು ಇನ್ಸಾಟ್-3ಬಿ ಉಪಗ್ರಹದ ಮೂಲಕವೂ, 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಡಾವಣೆಯಾದ ನಂತರ ಅದರ ಮೂಲಕವೂ ತನ್ನ ಅಧೀನ ಕಾಲೇಜುಗಳಿಗೆ ಪಾಠಗಳನ್ನು ಬಿತ್ತರಿಸಿತು. ಒಳ್ಳೆಯ ಅಧ್ಯಾಪಕರೊಬ್ಬರ ಪಾಠವನ್ನು ದೂರದ ಕಾಲೇಜು ನೋಡಬಹುದಾಗಿತ್ತೆಂಬುದು ಅದರ ಹಿರಿಮೆ. ಆದರೆ ಉಪಗ್ರಹಕ್ಕೆ ಆಯುಸ್ಸಿದೆ: 2010ರಲ್ಲಿ ಎಜುಸ್ಯಾಟ್ ಸೇವೆ ಮುಗಿಯಿತು. ಕಾಲೇಜಿನ ತಾರಸಿಯ ಮೇಲಿನ ತಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸುವಂತಿರಲಿಲ್ಲ. ಅದೇ ಹಣದಲ್ಲಿ ನೆಲದೊಳಗೆ ಹೂತ ಕೊಳವೆಯಾದರೋ ಇಂದಿಗೂ ಕೆಲಸಕ್ಕೆ ಬರುತ್ತಿತ್ತು.

ನಿಜವಾದ ತಿರುವು ಎರಡು ಕೇಂದ್ರ ಯೋಜನೆಗಳಿಂದ ಬಂದಿತು. ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಅಭಿಯಾನ 2009ರ ಫೆಬ್ರವರಿಯಲ್ಲಿ ಆರಂಭವಾಯಿತು. 2010ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರವು 5,990 ಕೋಟಿ ರೂಪಾಯಿ ವೆಚ್ಚದ ರಾಷ್ಟ್ರೀಯ ಜ್ಞಾನ ಜಾಲಕ್ಕೆ ಒಪ್ಪಿಗೆ ನೀಡಿತು. ಇವುಗಳಿಂದ ವಿಶ್ವವಿದ್ಯಾಲಯಗಳ ಬಾಗಿಲಿಗೆ ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯದ ಬೆಳಕಿನ ತಂತು ಬರತೊಡಗಿತು. ಅದು ಹಳೆಯ 2 ಮೆಗಾಬಿಟ್‌ನ ಐನೂರು ಪಟ್ಟು. ಹಿಂದೆ ಇಡೀ ವಿಶ್ವವಿದ್ಯಾಲಯಕ್ಕೆ ಇದ್ದಷ್ಟು ಸಾಮರ್ಥ್ಯ ಈಗ ಐನೂರು ಜನರಲ್ಲಿ ಪ್ರತಿಯೊಬ್ಬರಿಗೂ ಸಿಗಬಹುದಾದ ಸ್ಥಿತಿ. ಆಗಲೇ ಒಳಜಾಲದ ಹುಳುಕುಗಳು ಬಯಲಾದದ್ದು.

ಕೊನೆ ಭಾಗದ ರೈತನ ಪಾಡು

ಮಂಡ್ಯ ಜಿಲ್ಲೆಯವರಿಗೆ ಈ ಸಮಸ್ಯೆಯನ್ನು ವಿವರಿಸಲು ಹೆಚ್ಚು ಮಾತು ಬೇಕಿಲ್ಲ. ಕನ್ನಂಬಾಡಿ ಕಟ್ಟೆ ತುಂಬಿದ್ದರೂ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ತಲುಪದಿರುವುದು ಹೊಸ ಸಂಗತಿಯಲ್ಲ. ಮುಖ್ಯ ನಾಲೆ, ಉಪನಾಲೆ, ತೂಬು, ಹೊಲಗಾಲುವೆ ಎಂಬ ಕ್ರಮದಲ್ಲಿ ಎಲ್ಲಿಯೇ ಹೂಳು ತುಂಬಿದರೂ ಅದರ ಕೆಳಗಿನವರಿಗೆಲ್ಲ ಬರ. ಆವರಣ ಜಾಲವನ್ನೂ ಹೀಗೆಯೇ ಮೂರು ಹಂತಗಳಲ್ಲಿ ಕಟ್ಟಲಾಗುತ್ತದೆ: ಕೇಂದ್ರ ಕೊಠಡಿಯ ಮುಖ್ಯ ಸ್ವಿಚ್ ಮತ್ತು ರೂಟರ್, ಪ್ರತಿ ಕಟ್ಟಡದ ವಿತರಣಾ ಸ್ವಿಚ್, ಪ್ರತಿ ಮಹಡಿಯ ಸಣ್ಣ ಸ್ವಿಚ್.

ಹಣವಿಲ್ಲದ ಕಡೆ ಈ ಕ್ರಮ ಕೆಡುವ ಬಗೆ ಎಲ್ಲೆಡೆಯೂ ಒಂದೇ. ಮೊದಲು ಆಡಳಿತ ಕಚೇರಿಗೆ ಸಂಪರ್ಕ ಬರುತ್ತದೆ. ಮರುವರ್ಷ ಪಕ್ಕದ ಗ್ರಂಥಾಲಯಕ್ಕೆ ಅಲ್ಲಿಂದಲೇ ತಂತಿ ಎಳೆಯುತ್ತಾರೆ. ಗ್ರಂಥಾಲಯದಿಂದ ವಿಜ್ಞಾನ ವಿಭಾಗಕ್ಕೆ, ಅಲ್ಲಿಂದ ಕಲಾ ವಿಭಾಗಕ್ಕೆ, ಕೊನೆಗೆ ವಿದ್ಯಾರ್ಥಿನಿಯರ ನಿಲಯಕ್ಕೆ. ಹೀಗೆ ಸರಪಳಿಯಂತೆ ಬೆಳೆದ ಜಾಲದಲ್ಲಿ ಗ್ರಂಥಾಲಯದ ಕಾವಲುಗಾರ ರಾತ್ರಿ ಬೀಗ ಹಾಕುವಾಗ ಮುಖ್ಯ ಗುಂಡಿ ಆರಿಸಿದರೆ ನಿಲಯದ ಹುಡುಗಿಯರ ಓದು ನಿಲ್ಲುತ್ತದೆ. ಅವನ ತಪ್ಪು ಅದರಲ್ಲಿ ಏನೂ ಇಲ್ಲ.

ಬಡ ದೇಶಗಳ ವಿಶ್ವವಿದ್ಯಾಲಯಗಳಿಗೆ ಜಾಲ ಕಟ್ಟಲು ದಶಕಗಳಿಂದ ನೆರವಾಗುತ್ತಿರುವ ಸಂಸ್ಥೆ, ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ನೆಲೆಗೊಂಡ ನೆಟ್‌ವರ್ಕ್ ಸ್ಟಾರ್ಟಪ್ ರಿಸೋರ್ಸ್ ಸೆಂಟರ್. ಆಫ್ರಿಕಾ ಮತ್ತು ಏಷ್ಯಾಗಳಲ್ಲಿ ಅದು ನಡೆಸುವ ತರಬೇತಿಗಳ ತಿರುಳೂ ಇದೇ: ಸರಪಳಿ ಬೇಡ, ನಕ್ಷತ್ರಾಕಾರ ಇರಲಿ. ಪ್ರತಿ ಕಟ್ಟಡದಿಂದಲೂ ಕೇಂದ್ರ ಕೊಠಡಿಗೆ ನೇರವಾದ, ಬೇರೆ ಯಾರ ಸ್ವಿಚ್ಚನ್ನೂ ಹಾಯದ ಬೆಳಕಿನ ತಂತು ಇರಬೇಕು.

ಅಗೆತವೇ ದುಬಾರಿ

ಕಟ್ಟಡಗಳ ನಡುವೆ ತಾಮ್ರದ ತಂತಿಯನ್ನು ಎಳೆಯಬಾರದೆಂಬುದಕ್ಕೆ ಎರಡು ಕಾರಣಗಳಿವೆ. ಸಾಮಾನ್ಯ ಜಾಲದ ತಂತಿಯ ಮಿತಿ 100 ಮೀಟರ್. ಅದರಾಚೆಗೆ ಸಂಕೇತ ಕ್ಷೀಣಿಸುತ್ತದೆ. ಎರಡನೆಯದು ಸಿಡಿಲು. ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳ ಸಂಜೆಗಳಲ್ಲಿ ಹಳೆಯ ಮೈಸೂರು ಭಾಗದಲ್ಲಿ ಬೀಳುವ ಸಿಡಿಲು ಕಟ್ಟಡಗಳ ನಡುವಿನ ತಾಮ್ರವನ್ನು ಹಿಡಿದು ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲದು. ಗಾಜಿನ ತಂತು ವಿದ್ಯುತ್ತನ್ನು ಒಯ್ಯುವುದಿಲ್ಲ. ಒಂದು ಸಿಡಿಲಿಗೆ ಬಲಿಯಾದ ಸ್ವಿಚ್ಚುಗಳ ಬೆಲೆಯಲ್ಲಿ ತಂತುವನ್ನೇ ಎಳೆಯಬಹುದಿತ್ತೆಂಬ ಜ್ಞಾನೋದಯ ಅನೇಕ ಸಂಸ್ಥೆಗಳಿಗೆ ಮಳೆಗಾಲದಲ್ಲಿ ಆಗುತ್ತದೆ.

ತಂತುವಿನಲ್ಲಿಯೂ ಎರಡು ಜಾತಿ. 1990ರ ದಶಕದಲ್ಲಿ ಹಾಗೂ ಅನಂತರ ಬಹಳ ಆವರಣಗಳಲ್ಲಿ ಮಲ್ಟಿಮೋಡ್ ತಂತುವನ್ನು ಹಾಕಿದರು, ಏಕೆಂದರೆ ಅದರ ತುದಿಯ ಉಪಕರಣ ಅಂದು ಅಗ್ಗವಾಗಿತ್ತು. ಆ ಕಾಲದ 62.5 ಮೈಕ್ರಾನಿನ ತಂತು 10 ಗಿಗಾಬಿಟ್ ವೇಗವನ್ನು ಸಾಮಾನ್ಯ ಉಪಕರಣದಲ್ಲಿ ಕೇವಲ 33 ಮೀಟರ್ ದೂರದವರೆಗೆ ಒಯ್ಯಬಲ್ಲದು. ಅಂದರೆ ಪಕ್ಕದ ಕಟ್ಟಡಕ್ಕೂ ಸಾಲದು. ಸಿಂಗಲ್ ಮೋಡ್ ತಂತುವಾದರೆ ಅದೇ ವೇಗ 10 ಕಿಲೋಮೀಟರ್ ಸಾಗುತ್ತದೆ, ಮುಂದೆ ವೇಗ ಹೆಚ್ಚಿದರೆ ತುದಿಯ ಉಪಕರಣವನ್ನಷ್ಟೇ ಬದಲಿಸಿದರೆ ಆಯಿತು. ಇಂದು ಹೊಸದಾಗಿ ಮಲ್ಟಿಮೋಡ್ ಹಾಕಿಸುವ ಟೆಂಡರು ಕಂಡರೆ ಅದು ಹಳೆಯ ಕಡತದಿಂದ ನಕಲಾದದ್ದೆಂದು ತಿಳಿಯಬಹುದು.

ಹಣದ ಲೆಕ್ಕದಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಬೇರೆಯೇ ಇದೆ. ಖರ್ಚಿನ ದೊಡ್ಡ ಪಾಲು ಹೋಗುವುದು ಗುಂಡಿ ಅಗೆಯಲು, ಕೊಳವೆ ಹಾಕಲು, ರಸ್ತೆ ಕತ್ತರಿಸಿ ಮತ್ತೆ ಮುಚ್ಚಲು. ಆರು ಎಳೆಯ ತಂತುವಿಗೂ ಇಪ್ಪತ್ತನಾಲ್ಕು ಎಳೆಯ ತಂತುವಿಗೂ ಇರುವ ಬೆಲೆಯ ಅಂತರ ಈ ಅಗೆತದ ಮುಂದೆ ಅಲ್ಪ. ಆದ್ದರಿಂದ ಒಮ್ಮೆ ಅಗೆದಾಗಲೇ ಎರಡು ಕೊಳವೆ ಹೂಳಬೇಕು, ಒಂದನ್ನು ಖಾಲಿ ಬಿಡಬೇಕು, ಒಳಗೊಂದು ನೈಲಾನ್ ಹಗ್ಗವನ್ನು ಬಿಟ್ಟಿರಬೇಕು. ಸುಮಾರು ಒಂದು ಮೀಟರ್ ಆಳ, ಮೇಲೆ ಎಚ್ಚರಿಕೆಯ ಪಟ್ಟಿ, ತಿರುವುಗಳಲ್ಲಿ ಸಿಮೆಂಟ್ ತೊಟ್ಟಿ, ಕೊಳವೆಯ ಬಾಯಿಗೆ ಇಲಿ ಹೊಗದಂತೆ ಬಿರಡೆ. ನೀರಿನ ಕೊಳವೆಗೋ ಒಳಚರಂಡಿಗೋ ಜೆಸಿಬಿ ತರುವ ಎಂಜಿನಿಯರಿಂಗ್ ವಿಭಾಗಕ್ಕೆ ಈ ದಾರಿಯ ನಕ್ಷೆ ಗೊತ್ತಿರಬೇಕು. ತಂತು ತುಂಡಾಗುವ ದೊಡ್ಡ ಕಾರಣವೇ ಆ ಯಂತ್ರದ ಹಲ್ಲು. ಏಳುನೂರು ಎಕರೆಗೂ ಮೀರಿದ ಮೈಸೂರಿನ ಮಾನಸಗಂಗೋತ್ರಿಯಂತಹ ವಿಸ್ತಾರದಲ್ಲಿ ಈ ಖರ್ಚು ಎಷ್ಟಾಗುತ್ತದೆಂಬುದನ್ನು ಊಹಿಸಬಹುದು. ಚಿಕ್ಕ ಆವರಣದ ವಿಶ್ವವಿದ್ಯಾಲಯಕ್ಕೆ ಅದರ ಚಿಕ್ಕತನವೇ ಇಲ್ಲಿ ಲಾಭ.

ಒಳ್ಳೆಯ ಕೊಳವೆ ಮತ್ತು ತಂತು ಇಪ್ಪತ್ತೈದು ವರ್ಷ ಬಾಳುತ್ತವೆ. ಸ್ವಿಚ್ ಏಳೆಂಟು ವರ್ಷ, ನಿಸ್ತಂತು ಉಪಕರಣ ಐದಾರು ವರ್ಷ, ಬ್ಯಾಟರಿ ಮೂರು-ನಾಲ್ಕು ವರ್ಷ. ಅನುದಾನ ಒಮ್ಮೆ ಮಾತ್ರ ಬರುವ ಸಂಸ್ಥೆ ಅದನ್ನು ಹೆಚ್ಚು ಬಾಳುವುದರ ಮೇಲೆ ಸುರಿಯುವುದು ವಿವೇಕ. ನಡೆಯುವುದು ಬಹುಪಾಲು ತಿರುಗುಮುರುಗು: ಮಾರ್ಚ್ 31ರೊಳಗೆ ಹಣ ಮುಗಿಸಬೇಕಾದಾಗ ಪೆಟ್ಟಿಗೆಯಲ್ಲಿ ಬರುವ ಯಂತ್ರಗಳನ್ನು ಕೊಳ್ಳುವುದು ಸುಲಭ, ಅಗೆಯುವುದು ಕಷ್ಟ.

ಟೆಂಡರು, ಕರೆಂಟು, ಕುಣಿಕೆ

ಸರ್ಕಾರಿ ವಿಶ್ವವಿದ್ಯಾಲಯಗಳ ಖರೀದಿಯು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮಕ್ಕೆ ಒಳಪಟ್ಟಿದೆ. ಕಡಿಮೆ ದರ ನಮೂದಿಸಿದವರಿಗೆ ಗುತ್ತಿಗೆ ಸಲ್ಲುವುದರಿಂದ ಬೇಕಾದ ಗುಣವನ್ನು ಷರತ್ತಿನಲ್ಲಿಯೇ ಬರೆಯಬೇಕು. ಸುಮ್ಮನೆ 24 ಕಿಂಡಿಯ ಸ್ವಿಚ್ ಎಂದು ಬರೆದರೆ ಬರುವುದು ನಿಯಂತ್ರಣಕ್ಕೆ ಸಿಗದ ಅಗ್ಗದ ಪೆಟ್ಟಿಗೆ. ದೂರದಿಂದ ನಿಯಂತ್ರಿಸಬಹುದಾದ, ಜಾಲವನ್ನು ಪಾಲು ಮಾಡಬಲ್ಲ, ಕುಣಿಕೆಯನ್ನು ತಡೆಯಬಲ್ಲ ಸ್ವಿಚ್ ಎಂದು ಸ್ಪಷ್ಟವಾಗಿ ಬರೆದಿರಬೇಕು.

ಕುಣಿಕೆಯೆಂದರೆ ಇದು: ಪ್ರಯೋಗಾಲಯ ಗುಡಿಸುವಾಗ ಕೆಳಗೆ ಬಿದ್ದಿದ್ದ ತಂತಿಯ ತುದಿಯೊಂದನ್ನು ಯಾರೋ ಒಳ್ಳೆಯ ಮನಸ್ಸಿನಿಂದ ಎತ್ತಿ ಖಾಲಿ ಕಿಂಡಿಗೆ ಚುಚ್ಚುತ್ತಾರೆ. ಅದರ ಇನ್ನೊಂದು ತುದಿಯೂ ಅದೇ ಸ್ವಿಚ್ಚಿನಲ್ಲಿದ್ದರೆ ಸಂದೇಶಗಳು ಸುತ್ತುತ್ತ ಗುಣಿಸಿಕೊಂಡು ಕ್ಷಣಗಳಲ್ಲಿ ಜಾಲವನ್ನೆಲ್ಲ ತುಂಬಿಬಿಡುತ್ತವೆ. ಆವರಣವೆಲ್ಲ ಒಂದೇ ಜಾಲವಾಗಿದ್ದಲ್ಲಿ ಕುಲಪತಿಗಳ ಕಚೇರಿಯಿಂದ ಹಿಡಿದು ಪರೀಕ್ಷಾ ವಿಭಾಗದವರೆಗೆ ಎಲ್ಲವೂ ಸ್ತಬ್ಧ. ಇನ್ನೊಂದು ಸಾಮಾನ್ಯ ಪೀಡೆಯೆಂದರೆ ಅಧ್ಯಾಪಕರ ಕೊಠಡಿಗೆ ತಂದ ಮನೆಯ ವೈ-ಫೈ ಪೆಟ್ಟಿಗೆ. ಅದನ್ನು ತಪ್ಪು ಕಿಂಡಿಗೆ ಸಿಕ್ಕಿಸಿದರೆ ಅದು ಇಡೀ ವಿಭಾಗದ ಗಣಕಗಳಿಗೆ ತನ್ನದೇ ವಿಳಾಸಗಳನ್ನು ಹಂಚತೊಡಗುತ್ತದೆ. ವಿಳಾಸ ಪಡೆದವರಿಗೆ ಅಂತರ್ಜಾಲ ದೊರೆಯುವುದಿಲ್ಲ. ಈ ಎರಡಕ್ಕೂ ಮದ್ದು ನಿಯಂತ್ರಿಸಬಹುದಾದ ಸ್ವಿಚ್ಚಿನಲ್ಲಿಯೇ ಇದೆ, ಯಾರಾದರೂ ಅದನ್ನು ಚಾಲೂ ಮಾಡಿದರೆ. ಪ್ರತಿ ಕಟ್ಟಡವನ್ನೂ ಪ್ರತ್ಯೇಕ ಉಪಜಾಲವಾಗಿ ಮಾಡಿ ಕೇಂದ್ರದ ರೂಟರಿನಲ್ಲಿ ಕೂಡಿಸಿದರೆ ಒಂದು ಕಟ್ಟಡದ ರೋಗ ಇನ್ನೊಂದಕ್ಕೆ ಹರಡದು. ಪರೀಕ್ಷಾ ವಿಭಾಗವನ್ನು ವಿದ್ಯಾರ್ಥಿಗಳ ಜಾಲದಿಂದ ಬೇರ್ಪಡಿಸುವುದಂತೂ ಕಡ್ಡಾಯವೆಂದೇ ತಿಳಿಯಬೇಕು.

ವಿದ್ಯುತ್ತಿನ ಮಾತು ಬಂದಾಗ ಕೇಂದ್ರ ಕೊಠಡಿಗೆ ದೊಡ್ಡ ಯುಪಿಎಸ್ ಕೊಂಡು ಕಟ್ಟಡಗಳ ಸ್ವಿಚ್ಚುಗಳನ್ನು ಮರೆಯುವುದು ವಾಡಿಕೆ. ಕಟ್ಟಡದ ಸ್ವಿಚ್ ಆರಿದರೆ ಕೇಂದ್ರ ಉರಿಯುತ್ತಿದ್ದು ಪ್ರಯೋಜನವಿಲ್ಲ. 24 ಕಿಂಡಿಯ ಸ್ವಿಚ್ ಬಳಸುವುದು ಸುಮಾರು 25 ವ್ಯಾಟ್, ಹಳೆಯ ಒಂದು ಸಣ್ಣ ದೀಪದಷ್ಟು. ಮನೆಗಳಲ್ಲಿ ಬಳಸುವ 150 ಆಂಪಿಯರ್-ಗಂಟೆಯ ಇನ್‌ವರ್ಟರ್ ಬ್ಯಾಟರಿಯೊಂದು ಅದನ್ನು ಹಗಲು ಪೂರ್ತಿ ನಡೆಸಬಲ್ಲದು.

ನಿಸ್ತಂತು ಜಾಲದ ಮಿತಿ

ತಂತಿ ಎಳೆಯುವ ಖರ್ಚನ್ನು ವೈ-ಫೈ ಉಳಿಸುತ್ತದೆಂಬ ಭ್ರಮೆ ಇನ್ನೂ ಹೋಗಿಲ್ಲ. ಭಾರತದಲ್ಲಿ 2.4 ಗಿಗಾಹರ್ಟ್ಸ್ ತರಂಗಗಳನ್ನು ಒಳಾಂಗಣ ಹೊರಾಂಗಣಗಳೆರಡರಲ್ಲೂ ಪರವಾನಗಿಯಿಲ್ಲದೆ ಬಳಸಲು 2005ರ ಜನವರಿಯಲ್ಲಿ ಅನುಮತಿ ದೊರೆಯಿತು. 5 ಗಿಗಾಹರ್ಟ್ಸ್ ವಲಯ ವಿಶಾಲವಾಗಿ ತೆರೆದದ್ದು 2018ರಲ್ಲಿ. 2.4 ವಲಯದಲ್ಲಿ ಒಂದಕ್ಕೊಂದು ಅಡ್ಡಬಾರದ ಪಥಗಳು ಮೂರೇ. ನಾಲ್ಕನೆಯ ಉಪಕರಣ ಹತ್ತಿರದಲ್ಲಿ ಬಂದರೆ ಅದು ಬೇರೊಂದರ ಮಾತಿನ ಮೇಲೆ ಮಾತಾಡುತ್ತದೆ. ದಪ್ಪ ಕಲ್ಲಿನ ಗೋಡೆಯ ಹಳೆಯ ಕಟ್ಟಡಗಳಲ್ಲಿ ತರಂಗ ಪಕ್ಕದ ಕೋಣೆಗೂ ಸರಿಯಾಗಿ ಹೋಗದು. ಅಷ್ಟಕ್ಕೂ ಪ್ರತಿ ವೈ-ಫೈ ಉಪಕರಣದ ಹಿಂದೆ ಒಂದು ತಂತಿ ಇರಲೇಬೇಕು.

ನಿಸ್ತಂತು ನಿಜಕ್ಕೂ ಒದಗುವುದು ಅಗೆಯಲಾಗದ ಎಡೆಯಲ್ಲಿ. ಮಂಡ್ಯದ ಉದಾಹರಣೆಯನ್ನೇ ನೋಡಬಹುದು. ಅಲ್ಲಿನ ಸರ್ಕಾರಿ ಸ್ವಾಯತ್ತ ಕಾಲೇಜು 2019ರಲ್ಲಿ ಮಂಡ್ಯ ವಿಶ್ವವಿದ್ಯಾಲಯವಾಯಿತು. ಮೈಸೂರು ವಿಶ್ವವಿದ್ಯಾಲಯ ಕಟ್ಟಿದ ಸರ್ ಎಂ. ವಿಶ್ವೇಶ್ವರಯ್ಯ ಸ್ನಾತಕೋತ್ತರ ಕೇಂದ್ರ ಇರುವುದು ಊರಿನಿಂದ ದೂರದ ತೂಬಿನಕೆರೆಯಲ್ಲಿ. ಇಂತಹ ಎರಡು ಆವರಣಗಳ ನಡುವೆ ಹೆದ್ದಾರಿಯಿದೆ, ಖಾಸಗಿ ಜಮೀನಿದೆ. ವಿಶ್ವವಿದ್ಯಾಲಯವೊಂದು ತಾನೇ ಕೊಳವೆ ಹೂಳುವಂತಿಲ್ಲ. ಅಂತಲ್ಲಿ ದೂರಸಂಪರ್ಕ ಸಂಸ್ಥೆಯಿಂದ ತಂತುವನ್ನು ಬಾಡಿಗೆಗೆ ಪಡೆಯಬೇಕು, ಇಲ್ಲವೇ ಎರಡೂ ಕಡೆ ಎತ್ತರದ ಗೋಪುರ ನಿಲ್ಲಿಸಿ ನೇರದೃಷ್ಟಿಯ ನಿಸ್ತಂತು ಸಂಪರ್ಕ ಕಲ್ಪಿಸಬೇಕು. ಎರಡರ ನಡುವೆ ಮರ ಬೆಳೆದರೂ ಎರಡನೆಯದು ಕುಂಟುತ್ತದೆ. 2006ರಲ್ಲಿ ಹೊರಬಂದ, ಉಚಿತವಾಗಿ ದೊರೆಯುವ ‘ವೈರ್‌ಲೆಸ್ ನೆಟ್‌ವರ್ಕಿಂಗ್ ಇನ್ ದಿ ಡೆವಲಪಿಂಗ್ ವರ್ಲ್ಡ್’ ಎಂಬ ಗ್ರಂಥವು ಇಂತಹ ಸಂಪರ್ಕಗಳ ಲೆಕ್ಕಾಚಾರಕ್ಕೆ ಇಂದಿಗೂ ಉಪಯುಕ್ತ.

ನೀರು ಹಂಚುವವರು

ಜಾಲ ಕಟ್ಟಿದ ಮೇಲೆ ಸಾಮರ್ಥ್ಯವನ್ನು ಹಂಚದಿದ್ದರೆ ಮೇಲ್ಭಾಗದವರೇ ಎಲ್ಲವನ್ನೂ ಬಳಸುತ್ತಾರೆ. ಪ್ರತಿಯೊಬ್ಬರಿಗೂ ಹೆಸರು ಮತ್ತು ಗುಪ್ತಪದ ನೀಡಿ, ತಲಾ ಮಿತಿ ಹಾಕಿ, ತರಗತಿಯ ವೇಳೆಯಲ್ಲಿ ಗ್ರಂಥಾಲಯ ಮತ್ತು ಪ್ರಯೋಗಾಲಯಗಳಿಗೆ ಆದ್ಯತೆ ಕೊಡುವುದು ಸರಳ ಮಾರ್ಗ. ಹಿಂದೆ ಸ್ಕ್ವಿಡ್ ಎಂಬ ಮುಕ್ತ ತಂತ್ರಾಂಶವು ಒಬ್ಬರು ತೆರೆದ ಪುಟವನ್ನು ಸಂಗ್ರಹಿಸಿಟ್ಟು ಮುಂದಿನವರಿಗೆ ಸ್ಥಳೀಯವಾಗಿಯೇ ಕೊಡುತ್ತಿತ್ತು. ಈಗ ಬಹುತೇಕ ತಾಣಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಆ ಉಪಾಯದ ಫಲ ತಗ್ಗಿದೆ. ಬದಲಿಗೆ ಪಾಠಗಳ ಮೂಡಲ್ ಸರ್ವರ್, ಲಿನಕ್ಸ್ ತಂತ್ರಾಂಶಗಳ ಪ್ರತಿ, ಹಳೆಯ ಪ್ರಶ್ನೆಪತ್ರಿಕೆಗಳ ಸಂಗ್ರಹ ಇವನ್ನು ಆವರಣದೊಳಗೇ ಇಟ್ಟುಕೊಂಡರೆ ಹೊರಗಿನ ತಂತು ಕಡಿದ ದಿನವೂ ತರಗತಿ ನಡೆಯುತ್ತದೆ. ಯಾರು ಯಾವಾಗ ಬಳಸಿದರೆಂಬ ದಾಖಲೆ ಇಡುವುದು ಈಗ ಐಚ್ಛಿಕವಲ್ಲ. ಗಣಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಇಂತಹ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು.

ತಂತ್ರಾಂಶಕ್ಕೆ ಹಣ ಬೇಕಿಲ್ಲ. ವಿಳಾಸ ಹಂಚಿಕೆ, ಪ್ರವೇಶ ಪರಿಶೀಲನೆ, ಜಾಲದ ಆರೋಗ್ಯ ತಪಾಸಣೆ ಎಲ್ಲಕ್ಕೂ ಮುಕ್ತ ತಂತ್ರಾಂಶಗಳಿವೆ, ಹಳೆಯ ಗಣಕದ ಮೇಲೆ ನಡೆಯುತ್ತವೆ. ಬೇಕಾದದ್ದು ಅವುಗಳನ್ನು ನಡೆಸುವ ಇಬ್ಬರು ನೌಕರರು. ಒಬ್ಬರಿದ್ದರೆ ಸಾಲದು; ಅವರು ರಜೆ ಹಾಕಿದ ದಿನವೇ ಜಾಲ ಕೆಡುತ್ತದೆ. ಹುದ್ದೆ ಮಂಜೂರಾಗದ ಕಡೆ ಅತಿಥಿ ಉಪನ್ಯಾಸಕರೊಬ್ಬರ ಹೆಗಲಿಗೆ ಇದನ್ನು ಹೊರಿಸಲಾಗುತ್ತದೆ, ಅವರ ಅವಧಿ ಮುಗಿದಾಗ ಗುಪ್ತಪದಗಳೂ ಅವರೊಡನೆ ಹೋಗುತ್ತವೆ. ಗಣಕ ವಿಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಈ ಕೆಲಸಕ್ಕೆ ಗೌರವಧನದ ಮೇಲೆ ತೊಡಗಿಸುವುದು ಅವರ ಕಲಿಕೆಗೂ ಒಳಿತು, ಸಂಸ್ಥೆಗೂ ಒಳಿತು. ಪರೀಕ್ಷಾ ವಿಭಾಗದ ಕೀಲಿಯನ್ನು ಮಾತ್ರ ಅವರ ಕೈಗೆ ಕೊಡುವಂತಿಲ್ಲ.

ಈ ಲೆಕ್ಕಾಚಾರ ಕರ್ನಾಟಕದಲ್ಲಿ ಇಂದು ಅನೇಕ ಸಂಸ್ಥೆಗಳ ಮುಂದಿದೆ. ರಾಜ್ಯದಲ್ಲಿ 2023ರಲ್ಲಿ ಉದ್ಘಾಟನೆಗೊಂಡ ಏಳು ಹೊಸ ವಿಶ್ವವಿದ್ಯಾಲಯಗಳಿಗೆ ಆರಂಭದಲ್ಲಿ ಗೊತ್ತುಪಡಿಸಿದ ಮೊತ್ತ ತಲಾ 2 ಕೋಟಿ ರೂಪಾಯಿ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿಯು ಹಣದ ಕೊರತೆಯ ಕಾರಣದಿಂದ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ವಿಚಾರ ಎತ್ತಿದಾಗ ಮಂಡ್ಯದ ಹೆಸರೂ ಆ ಪಟ್ಟಿಯಲ್ಲಿತ್ತು. ನಾಳೆ ಇರುತ್ತದೆಯೋ ಇಲ್ಲವೋ ತಿಳಿಯದ ಸಂಸ್ಥೆಗೆ ಇಪ್ಪತ್ತೈದು ವರ್ಷ ಬಾಳುವ ತಂತುವನ್ನು ಹೂಳಿರೆಂದು ಹೇಳುವುದು ವಿಚಿತ್ರವಾಗಿ ತೋರಬಹುದು. ಆದರೆ ವಿಶ್ವವಿದ್ಯಾಲಯ ವಿಲೀನವಾದರೂ ಆವರಣ ಅಲ್ಲಿಯೇ ಇರುತ್ತದೆ, ಅದು ಕಾಲೇಜಾಗಿಯೋ ಸ್ನಾತಕೋತ್ತರ ಕೇಂದ್ರವಾಗಿಯೋ ನಡೆಯುತ್ತದೆ, ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರಗಳ ಬಸ್ಸುಗಳು ಅಲ್ಲಿಗೇ ವಿದ್ಯಾರ್ಥಿಗಳನ್ನು ತಂದಿಳಿಸುತ್ತವೆ. ನೆಲದೊಳಗಿನ ಕೊಳವೆಗೆ ಫಲಕದ ಮೇಲಿನ ಹೆಸರು ಬದಲಾದದ್ದು ತಿಳಿಯುವುದಿಲ್ಲ. ಅದರ ನಕ್ಷೆಯ ಒಂದು ಪ್ರತಿ ಕುಲಸಚಿವರ ಕಪಾಟಿನಲ್ಲಿ, ಇನ್ನೊಂದು ಲೋಕೋಪಯೋಗಿ ಇಲಾಖೆಯ ಎಂಜಿನಿಯರರ ಬಳಿ ಇರಬೇಕು, ಅಷ್ಟೇ.